ಎಡಗೈಯ ಬೆಲೆ

ಮನುಷ್ಯನಿಗೆ ಸೃಷ್ಟಿಯು ಎರಡು ಕೈಗಳನ್ನು ಕೊಟ್ಟಿತು. ಅವುಗಳಲ್ಲಿ ಒಂದು ಮೇಲು, ಮತ್ತೊಂದು ಕೀಳು ಎಂಬ ಭೇದವನ್ನು ಮನುಷ್ಯನೇ ಕಲ್ಪಿಸಿಕೊಂಡನು. ಉಣ್ಣುವುದಕ್ಕೆ ಬಲಗೈ, ತೀರ್ಥಪ್ರಸಾದಗಳನ್ನು ಸ್ವೀಕರಿಸುವುದಕ್ಕೆ ಬಲಗೈ, ದಾನವನ್ನು ಕೊಡುವುದಕ್ಕೂ ತೆಗೆದುಕೊಳ್ಳುವುದಕ್ಕೂ ಬಲಗೈ. ಎಡಗೈಯ ಪಾಲಿಗೆ ಉಳಿದದ್ದು ಶೌಚದ ಕೆಲಸ. ಭಾಷೆಯೂ ಈ ಪಕ್ಷಪಾತದಲ್ಲಿ ಭಾಗಿಯಾಗಿದೆ. ‘ಬಲ’ವೆಂದರೆ ದಿಕ್ಕೂ ಹೌದು, ಶಕ್ತಿಯೂ ಹೌದು, ‘ಎಡ’ದ ಪಾಲಿಗೆ ಬಂದ ಮಾತುಗಳಾದರೋ ಎಡವಟ್ಟು, ಎಡಬಿಡಂಗಿ ಮುಂತಾದವು. ಎಡಗೈಯಿಂದಲೇ ಕೆಲಸಮಾಡುವವನಿಗೆ ಎಡಚ, ರೊಡ್ಡ ಎಂಬ ಹೆಸರುಗಳಿವೆ. ಅವುಗಳನ್ನು ಹೊಗಳಿಕೆಯಾಗಿ ಬಳಸಿದವರು ವಿರಳ.

ಆದರೆ ಅದೇ ಎಡಗೈಗೆ ಆಟದ ಬಯಲಿನಲ್ಲಿ ಬೇರೊಂದು ಮರ್ಯಾದೆಯುಂಟು. ಬೆಂಗಳೂರಿನ ಪಡುವಣ ಭಾಗದ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳ ಮೈದಾನಗಳಲ್ಲಿ ಸಂಜೆಯ ಹೊತ್ತು ಕ್ರಿಕೆಟ್ ಕಲಿಸುವವರು ಎಡಗೈಯಿಂದ ಚೆಂಡೆಸೆಯುವ ಹುಡುಗನನ್ನು ಕಂಡರೆ ಅವನ ಕಡೆಗೆ ಎರಡನೆಯ ಸಲ ನೋಡುತ್ತಾರೆ. ಮನೆಯಲ್ಲಿ ಅಜ್ಜಿಯು ‘ಆ ಕೈಯಲ್ಲ ಮಗೂ, ಈ ಕೈಯಲ್ಲಿ ತಿನ್ನು’ ಎಂದು ತಿದ್ದಿದ ಕೈಯನ್ನೇ ಮೈದಾನದ ಗುರುವು ಜೋಪಾನವಾಗಿ ಇಟ್ಟುಕೊಳ್ಳಲು ಹೇಳುತ್ತಾನೆ. ಇದಕ್ಕೆ ಕಾರಣವು ಸರಳವಾದುದು. ದಾಂಡಿಗರಲ್ಲಿ ಹೆಚ್ಚಿನವರು ಬಲಗೈಯವರು. ಬಲಗೈ ಎಸೆತವನ್ನು ಎದುರಿಸಿಯೇ ಅವರ ಕಣ್ಣು ಪಳಗಿರುತ್ತದೆ. ಎಡಗೈಯವನ ಚೆಂಡು ಬೇರೊಂದು ಕೋನದಿಂದ ಬರುತ್ತದೆ. ಅವನು ಬೆರಳುಗಳಿಂದ ತಿರುಗಿಸಿ ಬಿಟ್ಟ ಚೆಂಡು ನೆಲವನ್ನು ಮುಟ್ಟಿದ ಮೇಲೆ ದಾಂಡಿಗನ ಮೈಯತ್ತ ಬಾರದೆ ಅವನಿಂದ ಆಚೆಗೆ ಜಾರುತ್ತದೆ. ಅದನ್ನು ಅರಸಿಕೊಂಡು ಹೋದ ಬ್ಯಾಟಿಗೆ ಅಂಚು ಮಾತ್ರ ತಗಲುತ್ತದೆ. 1982ರಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ಕರ್ನಾಟಕ–ಮುಂಬಯಿ ರಣಜಿ ಪಂದ್ಯದಲ್ಲಿ ಎಡಗೈ ಸ್ಪಿನ್ ಬೌಲರ್ ರಘುರಾಮ ಭಟ್ಟರು ಸತತ ಮೂರು ಚೆಂಡುಗಳಲ್ಲಿ ಮೂವರನ್ನು ಉರುಳಿಸಿದರು. ಅವರ ತಿರುವನ್ನು ತಾಳಿಕೊಳ್ಳುವುದಕ್ಕಾಗಿ ಸುನೀಲ ಗಾವಸ್ಕರರಂತಹ ಬಲಗೈ ದಾಂಡಿಗರು ಎರಡನೆಯ ಸರದಿಯಲ್ಲಿ ತಾವೇ ಎಡಗೈ ದಾಂಡಿಗರಾಗಿ ನಿಂತದ್ದು ಇಂದಿಗೂ ನೆನಪಿನಲ್ಲಿರುವ ಸಂಗತಿ. ಲೋಕದಲ್ಲಿ ಕೀಳೆನಿಸಿದ್ದು ಬಯಲಿನಲ್ಲಿ ಅನುಕರಣೆಗೆ ಯೋಗ್ಯವಾಯಿತು.

ಇಲ್ಲಿ ವಿಚಾರಿಸಬೇಕಾದ ಪ್ರಶ್ನೆಯೊಂದಿದೆ. ಒಬ್ಬನ ಕೈಗೆ ಸಲ್ಲುವ ಮನ್ನಣೆಯು ಆ ಮನುಷ್ಯನಿಗೆ ಸಲ್ಲುವ ಮನ್ನಣೆಯೇ? ಗುಣವನ್ನು ಕಂಡು ಬಾಗಿಲು ತೆರೆದ ಸಮಾಜವು ಗುಣವಂತನನ್ನೂ ಒಳಗೆ ಕರೆದುಕೊಂಡಂತಾಯಿತೇ, ಅಥವಾ ಅವನ ಕೈಯನ್ನು ಮಾತ್ರ ಒಳಗೆ ಎಳೆದುಕೊಂಡು ದೇಹವನ್ನು ಹೊಸ್ತಿಲಾಚೆಯೇ ನಿಲ್ಲಿಸಿತೇ? ಈ ಪ್ರಶ್ನೆಗೆ ಕನ್ನಡ ನೆಲದಲ್ಲಿಯೇ ಹುಟ್ಟಿದ ಒಬ್ಬ ಆಟಗಾರರ ಬಾಳು ಒಳ್ಳೆಯ ಒರೆಗಲ್ಲಾಗಿದೆ. ಅವರು ಪಾಲ್ವಣಕರ್ ಬಾಲೂ.

ಬಾಲೂ ಅವರು ಹುಟ್ಟಿದ್ದು 1876ರಲ್ಲಿ, ಧಾರವಾಡದಲ್ಲಿ. ಮನೆತನದ ಹೆಸರು ಕೊಂಕಣದ ಪಾಲವಣಿ ಗ್ರಾಮದಿಂದ ಬಂದುದು. ಜಾತಿಯಿಂದ ಅವರು ತೊಗಲಿನ ಕೆಲಸದ ಚಂಭಾರರು, ಅಂದಿನ ಲೋಕದ ಕಣ್ಣಿನಲ್ಲಿ ಅಸ್ಪೃಶ್ಯರು. ಎಡಬಲಗಳ ಭೇದವು ದೇಹದಲ್ಲಿಯೇ ನಿಲ್ಲದೆ ಜಾತಿಗಳಿಗೂ ಹಬ್ಬಿದುದನ್ನು ಇಲ್ಲಿ ನೆನೆಯಬಹುದು. ಕನ್ನಡ ಮತ್ತು ತಮಿಳು ಸೀಮೆಗಳಲ್ಲಿ ಜಾತಿಗಳು ಬಲಗೈ, ಎಡಗೈ ಎಂಬ ಎರಡು ಪಂಗಡಗಳಾಗಿ ಬಹುಕಾಲ ಕಾದಾಡಿದುವು. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಅವರು ಈ ಪಂಗಡಗಳ ವಿಷಯವನ್ನು ಬರೆದಿಟ್ಟಿದ್ದಾರೆ. ತೊಗಲಿನ ಕೆಲಸದ ಮಾದಿಗರು ಎಡಗೈಯವರೆನಿಸಿದರು. ಪರಿಶಿಷ್ಟ ಜಾತಿಗಳ ಒಳಗೆ ಎಡಗೈ, ಬಲಗೈ ಎಂಬ ಹೆಸರುಗಳು ಇಂದಿಗೂ ರೂಢಿಯಲ್ಲಿವೆ. ಬಾಲೂ ಅವರ ಮನೆತನವು ಈ ಲೆಕ್ಕಕ್ಕೆ ಸೇರಿದುದಲ್ಲ. ಆದರೂ ತೊಗಲಿನ ಕುಲದಲ್ಲಿ ಹುಟ್ಟಿ, ತೊಗಲು ಹೊದಿಸಿದ ಚೆಂಡನ್ನು ಎಡಗೈಯಿಂದ ಎಸೆದು ಹೆಸರಾದವರ ಕಥೆಯಲ್ಲಿ ಈ ಎರಡು ಭೇದಗಳೂ ಒಂದೆಡೆ ಕೂಡುತ್ತವೆ. ತೊಗಲನ್ನು ಹದಮಾಡಿದವನನ್ನು ಮುಟ್ಟಬಾರದು. ಆ ತೊಗಲಿನ ಚೆಂಡನ್ನು ಮಾತ್ರ ಯಾರೂ ಮುಟ್ಟಬಹುದು. ಆಚಾರವು ತನ್ನ ಅನುಕೂಲಕ್ಕೆ ತಕ್ಕಂತೆ ಕಣ್ಣು ಮುಚ್ಚಿಕೊಳ್ಳುತ್ತದೆಂಬುದಕ್ಕೆ ಇದಕ್ಕಿಂತ ಸಣ್ಣ ನಿದರ್ಶನ ಬೇಕಿಲ್ಲ.

ಬಾಲೂ ಅವರ ಬಾಲ್ಯವು ಪುಣೆಯಲ್ಲಿ ಕಳೆಯಿತು. ಅಲ್ಲಿಯ ಪಾರಸಿಗಳ ಕ್ರಿಕೆಟ್ ಬಯಲನ್ನು ಗುಡಿಸಿ, ನೆಲವನ್ನು ಸಮಮಾಡುವ ಕೆಲಸಕ್ಕೆ ಅವರಿಗೆ ತಿಂಗಳಿಗೆ 3 ರೂಪಾಯಿ ಸಂಬಳ. ಬಳಿಕ ಬಿಳಿಯರ ಕ್ಲಬ್ಬಿನಲ್ಲಿ ಅದೇ ಕೆಲಸಕ್ಕೆ 4 ರೂಪಾಯಿ. ಬಲೆ ಕಟ್ಟಿ ಅಭ್ಯಾಸ ಮಾಡುತ್ತಿದ್ದ ಆಂಗ್ಲ ಅಧಿಕಾರಿಗಳಿಗೆ ಚೆಂಡೆಸೆಯಲು ಒಬ್ಬ ಆಳು ಬೇಕಾಗಿದ್ದನು. ಆ ಆಳಿನ ಎಡಗೈಯಲ್ಲಿ ಅಪೂರ್ವವಾದ ಕೌಶಲವಿರುವುದು ಬೇಗನೆ ತಿಳಿದುಬಂದಿತು. ಜೆ. ಜಿ. ಗ್ರೇಗ್ ಎಂಬ ಪ್ರಸಿದ್ಧ ದಾಂಡಿಗರು ತಮ್ಮನ್ನು ಔಟು ಮಾಡಿದಾಗಲೆಲ್ಲ ಬಾಲೂ ಅವರಿಗೆ ಎಂಟಾಣೆ ಕೊಡುತ್ತಿದ್ದರೆಂದು ಪ್ರತೀತಿ. ಗಂಟೆಗಟ್ಟಲೆ ಎಸೆದು ಎಸೆದು ಬಾಲೂ ಅವರ ಕೈ ಪಳಗಿತು. ಆದರೆ ಆ ವರ್ಷಗಳಲ್ಲಿ ಅಭ್ಯಾಸಕ್ಕೆಂದಾದರೂ ಅವರ ಕೈಗೆ ಬ್ಯಾಟು ಕೊಟ್ಟವರಿಲ್ಲವೆಂದು ಅವರ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಎಸೆಯುವುದು ದುಡಿಮೆ, ಹೊಡೆಯುವುದು ವಿಲಾಸ. ದುಡಿಮೆಯು ಆಳಿನದು, ವಿಲಾಸವು ಒಡೆಯನದು ಎಂಬುದು ಅಂದಿನ ಕಟ್ಟಳೆ.

ಪುಣೆಯ ಹಿಂದೂ ಆಟಗಾರರಿಗೆ ಬಿಳಿಯರ ತಂಡವನ್ನು ಸೋಲಿಸಬೇಕೆಂಬ ಹಂಬಲವಿತ್ತು. ಸೋಲಿಸಬಲ್ಲ ಕೈ ಊರಿನಲ್ಲಿಯೇ ಇದೆ. ಆದರೆ ಅದು ಅಸ್ಪೃಶ್ಯನ ಕೈ. ಕೆಲವರು ಒಪ್ಪಲಿಲ್ಲ, ಕೊನೆಗೆ ಗೆಲ್ಲಬೇಕೆಂಬ ಆಸೆಯೇ ಮೇಲಾಗಿ ಬಾಲೂ ಅವರು ತಂಡವನ್ನು ಸೇರಿದರು. ಬಯಲಿನೊಳಗೆ ಎಲ್ಲರೂ ಒಂದೇ ಚೆಂಡನ್ನು ಮುಟ್ಟಿದರು. ಆಟದ ನಡುವಣ ವಿರಾಮದಲ್ಲಿ ಮಾತ್ರ ಉಳಿದವರಿಗೆ ಒಳಗೆ ಪಿಂಗಾಣಿಯ ಬಟ್ಟಲಿನಲ್ಲಿ ಚಹಾ. ಬಾಲೂ ಅವರಿಗೆ ಹೊರಗೆ, ಕುಡಿದು ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ. ಊಟಕ್ಕೂ ಅವರಿಗೆ ಬೇರೆಯ ಜಾಗ. ತಂಡಕ್ಕೆ ಗೆಲುವು ದೊರಕಿತು, ಕುಡಿಕೆ ಬದಲಾಗಲಿಲ್ಲ. ಒಡನೆ ಆಡುವುದಾದರೆ ಒಡನೆ ಕುಳಿತು ಉಣ್ಣುವುದಕ್ಕೇನು ಅಡ್ಡಿಯೆಂದು ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು ಆ ಕಾಲದಲ್ಲಿ ಬಹಿರಂಗವಾಗಿ ಕೇಳಿದರೆಂದು ಪ್ರಸಿದ್ಧಿಯಿದೆ. ಕೇಳಿದವರು ಒಬ್ಬರು, ಉತ್ತರ ಹೇಳಬೇಕಾದವರು ಊರಿಗೆ ಊರೇ.

ಈ ಕುಡಿಕೆಯ ಎದುರಿಗೆ ನಿಂತು ವಿಚಾರಮಾಡಿದರೆ ಬೆಲೆಯೂ ಗೌರವವೂ ಒಂದೇ ಅಲ್ಲವೆಂಬುದು ತಿಳಿಯುತ್ತದೆ. ಬೆಲೆಯೆಂಬುದು ಉಪಯೋಗವನ್ನು ಅವಲಂಬಿಸಿದ್ದು. ಹಾಲು ಕೊಡುವ ಹಸುವಿಗೆ ಬೆಲೆಯುಂಟು, ಬತ್ತಿದ ಹಸುವಿಗೆ ಅದು ಇಳಿಯುತ್ತದೆ. ವಿಕೆಟ್ಟು ಬೀಳಿಸುವ ಕೈಗೆ ಬೆಲೆಯುಂಟು, ಭುಜ ನೊಂದ ದಿನ ಅದು ಕುಸಿಯುತ್ತದೆ. ಗೌರವವಾದರೋ ಉಪಯೋಗದ ಲೆಕ್ಕವನ್ನು ಕೇಳುವುದಿಲ್ಲ. ಅದು ಮನುಷ್ಯನು ಮನುಷ್ಯನಾಗಿರುವುದಕ್ಕಾಗಿಯೇ ಸಲ್ಲತಕ್ಕದ್ದು. ಗೆದ್ದ ದಿನ ಏರದು, ಸೋತ ದಿನ ಇಳಿಯದು. ಪುಣೆಯ ತಂಡದವರು ಬಾಲೂ ಅವರಿಗೆ ಕೊಟ್ಟದ್ದು ಬೆಲೆ. ಅದನ್ನೇ ಅವರು ಗೌರವವೆಂದು ಭಾವಿಸಿಕೊಂಡರು. ತಮ್ಮ ಉದಾರತೆಯನ್ನು ತಾವೇ ಮೆಚ್ಚಿಕೊಂಡಿರಲೂ ಸಾಕು. ಸಮಾಜದ ಅನೇಕ ಆತ್ಮವಂಚನೆಗಳು ಈ ಎರಡು ಮಾತುಗಳ ಗೊಂದಲದಲ್ಲಿಯೇ ಹುಟ್ಟುತ್ತವೆ.

ಇದಕ್ಕೆ ಪ್ರತಿಯಾಗಿ ಹೇಳಬಹುದಾದ ಮಾತೂ ಉಂಟು. ಬೆಲೆಯಿಂದಲೇ ಅಲ್ಲವೇ ಬಾಗಿಲು ತೆರೆದುದು? ಒಮ್ಮೆ ಒಳಗೆ ಬಂದವನನ್ನು ಹಳೆಯ ದೂರದಲ್ಲಿಯೇ ಇಡುವುದು ಕಷ್ಟ. ಒಡನಾಟವು ತಾನಾಗಿ ಗೌರವವನ್ನು ಕಲಿಸುತ್ತದೆ. ಉಪದೇಶದಿಂದ ಆಗದ ಕೆಲಸವನ್ನು ಆಟವು ಮಾಡುತ್ತದೆ ಎಂದು. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಪ್ಲೇಗಿನ ಕಾಲದಲ್ಲಿ ಬಾಲೂ ಅವರು ಮುಂಬಯಿಗೆ ಹೋದರು. ಅಲ್ಲಿಯ ಹಿಂದೂ ಜಿಮಖಾನೆಯು ಕೆಲವರ ಆಕ್ಷೇಪಣೆಯ ನಡುವೆಯೂ ಅವರನ್ನು ಸೇರಿಸಿಕೊಂಡಿತು. 1906ರ ಫೆಬ್ರವರಿಯಲ್ಲಿ ಹಿಂದೂ ತಂಡವು ಯೂರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿದಾಗ ಎರಡು ಸರದಿಗಳಲ್ಲಿಯೂ ಬಾಲೂ ಅವರ ಎಡಗೈ ಮುಂದಾಗಿತ್ತು. ಆ ಹೊತ್ತಿಗೆ ಜಿಮಖಾನೆಯಲ್ಲಿ ಸಹಭೋಜನದ ಕಟ್ಟುಗಳೂ ಸಡಿಲವಾಗಿದ್ದುವು. ಈ ಗೆಲುವನ್ನು ಜಾತಿಬಂಧನದಿಂದ ಬಿಡುಗಡೆಯ ಒಂದು ಮೆಟ್ಟಿಲೆಂದು ಸುಧಾರಕರ ಪತ್ರಿಕೆಗಳು ಕೊಂಡಾಡಿದುವು. 1911ರಲ್ಲಿ ಪಟಿಯಾಲಾ ಮಹಾರಾಜರ ನಾಯಕತ್ವದಲ್ಲಿ ಇಂಗ್ಲೆಂಡಿಗೆ ಹೋದ ತಂಡವು ಹೆಚ್ಚಿನ ಪಂದ್ಯಗಳಲ್ಲಿ ಸೋತಿತು. ಆದರೆ ಮೂವತ್ತೈದರ ವಯಸ್ಸಿನ ಬಾಲೂ ಅವರು ಒಟ್ಟು 114 ವಿಕೆಟ್ಟುಗಳನ್ನು ಗಳಿಸಿ ಹಿಂತಿರುಗಿದರು. ಮೊದಲ ದರ್ಜೆಯ 33 ಪಂದ್ಯಗಳಲ್ಲಿ ಅವರು ತೆಗೆದ ವಿಕೆಟ್ಟುಗಳು 179. ಇಂಗ್ಲೆಂಡಿನಿಂದ ಬಂದ ಮೇಲೆ ಮುಂಬಯಿಯ ದಲಿತ ಸಮುದಾಯದವರು ಅವರನ್ನು ಸನ್ಮಾನಿಸಿದರು. ಆ ಸನ್ಮಾನದಲ್ಲಿ ಉತ್ಸಾಹದಿಂದ ಭಾಗಿಯಾದ ತರುಣರಲ್ಲಿ ಭೀಮರಾವ್ ಅಂಬೇಡ್ಕರರೂ ಒಬ್ಬರು.

ಒಡನಾಟವು ಕುಡಿಕೆಯನ್ನು ಬದಲಿಸಿತೆಂಬುದು ನಿಜ. ಆದರೆ ಅದು ಎಲ್ಲಿಯವರೆಗೆ ಹೋಯಿತೆಂಬುದನ್ನೂ ನೋಡಬೇಕು. ಹಿರಿಯತನದಿಂದಲೂ ಸಾಧನೆಯಿಂದಲೂ ಹಿಂದೂ ತಂಡದ ನಾಯಕತ್ವವು ಬಾಲೂ ಅವರಿಗೆ ಸಲ್ಲಬೇಕಾಗಿತ್ತು. ವರ್ಷ ವರ್ಷವೂ ಅದು ಮೇಲು ಜಾತಿಯವರಿಗೆ ಸಂದಿತು. 1913ರಲ್ಲಿ ನಾಯಕರಾದ ಎಂ. ಡಿ. ಪೈ ಅವರು ಈ ಮರ್ಯಾದೆ ತಮಗಿಂತ ಅನುಭವಿಯಾದ ಬಾಲೂ ಅವರಿಗೆ ಸಲ್ಲಬೇಕಾಗಿತ್ತೆಂದು ಸಭೆಯಲ್ಲಿ ತಾವೇ ಹೇಳಿದರು. ದೊಡ್ಡ ಮನಸ್ಸಿನ ಮಾತು. ಆದರೂ ವ್ಯವಸ್ಥೆಯು ಆ ಮಾತಿಗೆ ತಲೆದೂಗಿ ತನ್ನ ದಾರಿಯನ್ನೇ ಹಿಡಿಯಿತು. ಒಬ್ಬನ ಕೈ ದುಡಿಯಲೆಂದು ಬಯಸುವುದು ಸುಲಭ. ಅವನ ಆಜ್ಞೆಯಂತೆ ತಾನು ನಡೆಯುವುದು ಕಷ್ಟ. ಗೌರವದ ನಿಜವಾದ ಪರೀಕ್ಷೆ ಇರುವುದು ಈ ಎರಡನೆಯದರಲ್ಲಿ.

1920ರಲ್ಲಿ ಬಾಲೂ ಅವರನ್ನು ಪುನಃ ಬದಿಗಿಟ್ಟಾಗ ಅವರ ತಮ್ಮಂದಿರಾದ ಶಿವರಾಮ ಮತ್ತು ವಿಠ್ಠಲ ಅವರು ತಂಡದಿಂದ ಹಿಂದೆ ಸರಿದರು. ಅದರ ಪರಿಣಾಮವಾಗಿ ಬಾಲೂ ಅವರನ್ನು ಕರೆದು ಉಪನಾಯಕರನ್ನಾಗಿ ಮಾಡಬೇಕಾಯಿತು. 1923ರಲ್ಲಿ ವಿಠ್ಠಲ ಅವರು ನಾಯಕರಾದರು. ಆ ವರ್ಷ ಹಿಂದೂ ತಂಡವು ಪಂದ್ಯಾವಳಿಯನ್ನು ಗೆದ್ದಿತು. ಹತ್ತಾರು ವರ್ಷಗಳ ಒಡನಾಟ ಕಲಿಸದ ಪಾಠವನ್ನು ಒಂದು ನಿರಾಕರಣೆ ಕಲಿಸಿತು. ಒಡನಾಟದಿಂದ ಗೌರವವು ತಾನಾಗಿ ಹುಟ್ಟುತ್ತದೆಂಬ ವಾದಕ್ಕೆ ಇಷ್ಟು ತಿದ್ದುಪಡಿ ಅಗತ್ಯ: ಒಡನಾಟವು ನೆಲವನ್ನು ಹದಮಾಡಬಹುದು, ಬೀಜ ಬಿತ್ತುವುದಕ್ಕೆ ಯಾರಾದರೊಬ್ಬರು ‘ಇಲ್ಲ’ ಎನ್ನಬೇಕು.

ಈ ‘ಇಲ್ಲ’ವೆನ್ನುವ ಶಕ್ತಿಯು ಎಲ್ಲರಿಗೂ ಒಂದೇ ಸಮನಾಗಿರುವುದಿಲ್ಲ. ಬಾಲೂ ಅವರು ತೀರಿಕೊಂಡ 1955ರಲ್ಲಿಯೇ ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ಸ್ಯಾಂಡಿ ಕೋಫ್ಯಾಕ್ಸ್ ಎಂಬ ಎಡಗೈ ಎಸೆತಗಾರರು ವೃತ್ತಿಯನ್ನು ಆರಂಭಿಸಿದರು. ಆ ಆಟದಲ್ಲಿಯೂ ಎಡಗೈ ಎಸೆತಕ್ಕೆ ವಿಶೇಷವಾದ ಬೇಡಿಕೆಯುಂಟು; ಕೋಫ್ಯಾಕ್ಸ್ ಅವರಂತೂ ತಮ್ಮ ಕಾಲದ ಎಸೆತಗಾರರಲ್ಲಿ ಅಗ್ರಗಣ್ಯರೆನಿಸಿದರು. ಅವರು ಯೆಹೂದಿಗಳು. 1965ರ ಅಕ್ಟೋಬರ್ 6ರಂದು, ವರ್ಷದ ಅತಿ ದೊಡ್ಡ ಪಂದ್ಯಮಾಲೆಯ ಮೊದಲನೆಯ ದಿನವೇ, ಯೆಹೂದಿಗಳ ಪ್ರಾಯಶ್ಚಿತ್ತದ ಪವಿತ್ರ ದಿನವೂ ಬಂದಿತು. ಅವರು ಆ ದಿನ ಆಡಲಿಲ್ಲ. ಅವರ ತಂಡವಾದ ಲಾಸ್ ಏಂಜಲೀಸಿನ ಡಾಜರ್ಸ್ ಆ ಪಂದ್ಯವನ್ನು ಸೋತಿತು. ಆದರೂ ಅವರಿಗಾಗಿ ಕಾದಿತು. ನಿರ್ಣಾಯಕವಾದ ಏಳನೆಯ ಪಂದ್ಯವನ್ನು ಅವರೇ ಗೆದ್ದುಕೊಟ್ಟರು. ಮರುವರ್ಷ, 1966ರಲ್ಲಿ, ಮೊಣಕೈಯ ಸಂಧಿವಾತದಿಂದಾಗಿ ಮೂವತ್ತರ ವಯಸ್ಸಿನಲ್ಲಿಯೇ ಆಟವನ್ನು ಬಿಟ್ಟರು. ಆ ಕೈಯ ಬೆಲೆ ಅಲ್ಲಿಗೆ ಮುಗಿಯಿತು. ಆದರೆ ಕೈ ಬೇಕಾದರೆ ಕೈಯ ಹಿಂದಿರುವ ಮನುಷ್ಯನೂ ಅವನ ನಂಬಿಕೆಯೂ ಜೊತೆಗೆ ಬರುತ್ತವೆಂದು ಅವರು ಒಂದು ದಿನ ತೋರಿಸಿದ್ದು ಉಳಿದುಕೊಂಡಿತು.

ಪುಣೆಯ ಬಯಲಿನಲ್ಲಿ 4 ರೂಪಾಯಿ ಸಂಬಳದ ಬಾಲೂ ಅವರು, ಒಳಗಿನ ಬಟ್ಟಲಿನಲ್ಲಿ ಚಹಾ ಕೊಡುವವರೆಗೆ ಚೆಂಡನ್ನು ಮುಟ್ಟುವುದಿಲ್ಲವೆಂದು ಹೇಳಬಹುದಾಗಿತ್ತೇ? ಹೇಳಿದ್ದರೆ ಮರುದಿನ ಬಯಲನ್ನು ಗುಡಿಸುವುದಕ್ಕೆ ಬೇರೊಬ್ಬರು ಬರುತ್ತಿದ್ದರು. ಆ ಎಡಗೈಯ ಹೆಸರು ಯಾರ ಕಿವಿಗೂ ಬೀಳುತ್ತಿರಲಿಲ್ಲ. ಅವರ ಸಹನೆಯನ್ನು ಹೇಡಿತನವೆಂದು ಕರೆಯುವವರು ಹಸಿವನ್ನು ಕಂಡವರಲ್ಲ. ಅದನ್ನು ಸದ್ಗುಣವೆಂದು ಹಾಡಿ ಹೊಗಳುವವರೂ ಎಚ್ಚರದಿಂದಿರಬೇಕು. ಅನ್ಯಾಯವನ್ನು ಸಹಿಸಿದವನನ್ನು ಹೊಗಳುವುದು ಅನ್ಯಾಯ ಮಾಡಿದವನಿಗೆ ಬಲು ಹಿತವಾದ ಸಂಗೀತ.

ಬಾಳಿನ ಉತ್ತರಾರ್ಧದಲ್ಲಿ ಬಾಲೂ ಅವರು ಸಾರ್ವಜನಿಕ ಜೀವನಕ್ಕೆ ಬಂದರು. 1932ರ ಸೆಪ್ಟೆಂಬರಿನಲ್ಲಿ ಪುಣೆಯ ಒಪ್ಪಂದಕ್ಕೆ ರುಜು ಹಾಕಿದವರಲ್ಲಿ ಅವರೂ ಇದ್ದರು. ಇಂದು ಬೆಂಗಳೂರಿನ ರಾಜಾಜಿನಗರಕ್ಕೆ ಯಾರ ಹೆಸರಿದೆಯೋ ಆ ಚಕ್ರವರ್ತಿ ರಾಜಗೋಪಾಲಾಚಾರ್ಯರ ರುಜುವೂ ಅದೇ ಕಾಗದದ ಮೇಲಿದೆ. ದಲಿತರಿಗೆ ಪ್ರತ್ಯೇಕ ಮತಕ್ಷೇತ್ರಗಳು ಬೇಕೆಂಬುದು ಅಂಬೇಡ್ಕರರ ವಾದವಾಗಿತ್ತು. ಹಿಂದೂ ಸಮಾಜದೊಳಗೆ ಉಳಿದೇ ಅದನ್ನು ತಿದ್ದಬಹುದೆಂಬ ಪಕ್ಷ ಬಾಲೂ ಅವರದು. 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸು ಅವರನ್ನು ಅಂಬೇಡ್ಕರರ ಎದುರಿಗೇ ನಿಲ್ಲಿಸಿತು. ಅಂಬೇಡ್ಕರರಿಗೆ 13,245 ಮತಗಳು, ಬಾಲೂ ಅವರಿಗೆ 11,225. ಒಂದು ಕಾಲದಲ್ಲಿ ಅಭಿಮಾನದಿಂದ ಸನ್ಮಾನಿಸಿದವರೂ ಸನ್ಮಾನಗೊಂಡವರೂ ಎದುರಾಳಿಗಳಾದರು.

ಇವರಿಬ್ಬರಲ್ಲಿ ಒಬ್ಬರನ್ನು ದ್ರೋಹಿಯೆಂದೋ ಇನ್ನೊಬ್ಬರನ್ನು ಕೃತಘ್ನರೆಂದೋ ಕರೆಯುವುದು ಅವಿವೇಕ. ಬಾಗಿಲು ಅರ್ಧ ತೆರೆದುದನ್ನು ತಮ್ಮ ಬಾಳಿನಲ್ಲಿಯೇ ಕಂಡವರು, ಇನ್ನರ್ಧವೂ ತೆರೆಯಬಹುದೆಂದು ನಂಬಿದರೆ ಆಶ್ಚರ್ಯವಿಲ್ಲ. ಆದರೆ ಅಂಬೇಡ್ಕರರು ಕೇಳಿದ ಪ್ರಶ್ನೆ ಇನ್ನೂ ಕಠಿನವಾದುದು: ಎಡಗೈಯಲ್ಲಿ ಮಾಯೆಯಿಲ್ಲದವನ ಗತಿಯೇನು? ಬಾಲೂ ಅವರಿಗೆ ಬಾಗಿಲು ತೆರೆದುದು 179 ವಿಕೆಟ್ಟುಗಳಿಂದ. ಅದೇ ಕುಲದಲ್ಲಿ ಹುಟ್ಟಿ, ಚೆಂಡನ್ನು ತಿರುಗಿಸಲು ಬಾರದೆ, ಬಯಲನ್ನು ಗುಡಿಸುವುದರಲ್ಲಿಯೇ ಬಾಳನ್ನು ಸವೆಸಿದವನು ಎಷ್ಟು ವಿಕೆಟ್ಟುಗಳನ್ನು ತೋರಿಸಿ ಒಂದು ಬಟ್ಟಲು ಚಹಾ ಪಡೆಯಬೇಕು? ಅಸಾಧಾರಣನಾದವನನ್ನು ಗೌರವಿಸುವ ಸಮಾಜವು ಗುಣಗ್ರಾಹಿಯಾಗಿರಬಹುದು; ಸಾಧಾರಣನಾದವನನ್ನು ಗೌರವಿಸುವ ಸಮಾಜವು ಮಾತ್ರವೇ ನ್ಯಾಯವಂತವಾದುದು. ಅಪೂರ್ವ ಪ್ರತಿಭೆಯುಳ್ಳವನು ಹೇಗೋ ಬಾಗಿಲನ್ನು ನೂಕಿ ಬರುತ್ತಾನೆ. ನ್ಯಾಯವು ಬೇಕಾಗಿರುವುದು ನೂಕಲಾರದವನಿಗೆ.

ಕನ್ನಡಿಗರಿಗೆ ಈ ವಿಚಾರವು ಹೊಸದಲ್ಲ. ಬೆಂಗಳೂರಿನ ಇನ್ನೊಂದು ಬಡಾವಣೆಗೆ ಹೆಸರಾಗಿರುವ ಬಸವೇಶ್ವರರು ಹನ್ನೆರಡನೆಯ ಶತಮಾನದಲ್ಲಿಯೇ ಕಾಯಕಕ್ಕೆ ಮೇಲುಕೀಳುಗಳಿಲ್ಲವೆಂದು ಸಾರಿದರು. ಶರಣರ ಕಥೆಗಳಲ್ಲಿ ಬರುವ ಹರಳಯ್ಯನವರು ಮೆಟ್ಟು ಹೊಲಿಯುವವರು. ಅವರಿಗೆ ಅನುಭವ ಮಂಟಪದಲ್ಲಿ ಸ್ಥಾನ ದೊರೆತದ್ದು ಇತರರಿಗಿಂತ ಚೆನ್ನಾದ ಮೆಟ್ಟು ಹೊಲಿದುದಕ್ಕಾಗಿ ಅಲ್ಲ; ಅವರೂ ಶರಣರೆಂಬುದಕ್ಕಾಗಿ. ಅವರ ಮಗನಿಗೂ ಬ್ರಾಹ್ಮಣ ಮನೆತನದ ಮಧುವರಸರ ಮಗಳಿಗೂ ಮದುವೆಯಾದಾಗ ಕಲ್ಯಾಣದ ಪ್ರಭುತ್ವವು ಸಹಿಸಲಿಲ್ಲವೆಂದೂ, ಎರಡೂ ಮನೆಗಳ ಹಿರಿಯರು ಘೋರವಾದ ಶಿಕ್ಷೆಗೆ ಗುರಿಯಾದರೆಂದೂ ಕಥೆ ಹೇಳುತ್ತದೆ. ಬೆಲೆಯನ್ನು ಕೊಡುವುದಕ್ಕೆ ಯಾರೂ ಅಡ್ಡಬರುವುದಿಲ್ಲ; ಗೌರವವನ್ನು ಕೊಡಲು ಹೊರಟವರು ಬೆಲೆ ತೆರಬೇಕಾಗುತ್ತದೆ.

1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನವು ತನ್ನ 17ನೆಯ ಅನುಚ್ಛೇದದಲ್ಲಿ ಅಸ್ಪೃಶ್ಯತೆಯನ್ನು ರದ್ದುಮಾಡಿತು. ಮಣ್ಣಿನ ಕುಡಿಕೆಯನ್ನು ಕಾನೂನು ಒಡೆದುಹಾಕಿತು. ಆದರೆ ಕಾನೂನಿನ ಕಣ್ಣು ಅಡಿಗೆಮನೆಯ ಗೂಡಿನವರೆಗೆ ಹೋಗಲಾರದು. ಓದುಬರಹ ಬಲ್ಲ ಅನೇಕ ಮನೆಗಳಲ್ಲಿ ಪಾತ್ರೆ ತಿಕ್ಕಲು ಬರುವವಳಿಗೆಂದು ಬೇರೆಯ ಲೋಟವೊಂದು ಇಂದಿಗೂ ಹಿತ್ತಿಲ ಕಿಟಕಿಯ ಬಳಿ ಇರುತ್ತದೆ. ಮನೆಯ ಲೋಟಗಳನ್ನೆಲ್ಲ ದಿನವೂ ತೊಳೆಯುವುದು ಅವಳ ಕೈಯೇ. ಅವುಗಳಲ್ಲಿ ಒಂದರಿಂದ ಕುಡಿಯುವಂತಿಲ್ಲದುದೂ ಅವಳೇ. ‘ಅವಳ ಕೈ ಕೆಲಸ ಬಹಳ ಚೊಕ್ಕಟ’ ಎಂದು ನೆರೆಯವರೊಡನೆ ಹೊಗಳುವ ಗೃಹಿಣಿಯೂ, ಅದನ್ನು ಕೇಳಿ ತಲೆಯಾಡಿಸುವ ಯಜಮಾನನೂ ಆ ಕೈಗೆ ಬೆಲೆಯನ್ನು ಕೊಟ್ಟಿದ್ದಾರೆ, ಸಂಬಳವನ್ನೂ ಕೊಟ್ಟಿದ್ದಾರೆ. ರಾನಡೆಯವರು ಪುಣೆಯ ಊರಿಗೆ ಕೇಳಿದ ಪ್ರಶ್ನೆ ಅಂತಹ ಮನೆಗಳಿಗೂ ಸಲ್ಲುತ್ತದೆ. ಅದಕ್ಕೆ ಉತ್ತರ ಕೊಡಲು ದೊಡ್ಡ ವಿದ್ಯೆಯಾಗಲಿ ವೀರತ್ವವಾಗಲಿ ಬೇಕಾಗಿಲ್ಲ. ಕಿಟಕಿಯ ಬಳಿಯ ಲೋಟವನ್ನು ಎತ್ತಿ ಒಳಗಿನ ಲೋಟಗಳ ಸಾಲಿನಲ್ಲಿ ಇಟ್ಟರೆ ಸಾಕು.